ಸಣ್ಣ ಎಂಜಿನ್‌ಗಳ ಇಂಧನ ಮತ್ತು ಎಣ್ಣೆ ಪೈಪುಗಳು: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬದಲಿ ಆಯ್ಕೆ

ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲು, ಫಿಲ್ಟರಿನಿಂದ ಪಂಪಿಗೆ ಡೀಸೆಲ್ಲು, ಎಣ್ಣೆ ಪಂಪಿನಿಂದ ಎಂಜಿನ್ನಿನ ತಲೆಯ ಭಾಗಕ್ಕೆ ಎಣ್ಣೆ ಮುಟ್ಟಿಸುವ ಕೊಳವೆಗಳಿಗೆ ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಪೆಟ್ರೋಲ್ ಪೈಪು, ಡೀಸೆಲ್ ಪೈಪು, ಆಯಿಲ್ ಪೈಪು ಎಂದು ಹೆಸರು. ಎಂಜಿನ್ನಿನ ಬಿಡಿಭಾಗಗಳ ಪೈಕಿ ಇವು ತೀರ ಅಗ್ಗದವು. ಆ ಕಾರಣಕ್ಕೇ ಇವನ್ನು ಬದಲಿಸುವಾಗ ಯೋಚನೆ ಕಡಿಮೆ; ನಿಪ್ಪಲ್ಲಿಗೆ ಬಿಗಿಯಾಗಿ ಕೂತರೆ ಆಯಿತು ಎಂಬುದು ವಾಡಿಕೆ. ಆದರೆ ಪೈಪಿನ ಒಳಗೆ ಹರಿಯುವುದು ಏನು, ಅದು ತಾನೇ ಇಳಿದು ಬರುತ್ತದೆಯೋ ಎಂಜಿನ್ ಅದನ್ನು ಎಳೆದುಕೊಳ್ಳುತ್ತದೆಯೋ, ಸುತ್ತ ಎಷ್ಟು ಕಾವಿದೆ ಎಂಬ ಮೂರು ಸಂಗತಿ ತಿಳಿಯದೆ ಆರಿಸಿದ ಪೈಪು ಒಂದು ಬೇಸಿಗೆಯನ್ನೂ ದಾಟುವುದು ಕಷ್ಟ. ಪೆಟ್ರೋಲು ಸ್ವತಃ ಬದಲಾಗಿರುವ ಈ ವರ್ಷಗಳಲ್ಲಿ ಹಿಂದೆ ನಡೆದ ಪೈಪು ಇಂದೂ ನಡೆಯುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ.

ಸೀಮೆ ಮತ್ತು ಯಂತ್ರಗಳು

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಇತ್ತೀಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನದೇ ಭಾಗ. ಕಾವೇರಿ ಮತ್ತು ಸುವರ್ಣಾವತಿಯ ಬಯಲಿನಲ್ಲಿ ಭತ್ತ, ಕಬ್ಬು, ಬಾಳೆ, ಅರಿಸಿನ, ರೇಷ್ಮೆಗೆ ಹೆಸರಾದ ಕೊಳ್ಳೇಗಾಲದ ಸುತ್ತ ಹಿಪ್ಪುನೇರಳೆ, ಹನೂರಿನ ಕಡೆ ಮಳೆಯಾಶ್ರಿತ ರಾಗಿ, ಜೋಳ, ಬಿಳಿಗಿರಿರಂಗನಬೆಟ್ಟದಲ್ಲಿ ಕಾಫಿ. ಬೆಳೆ ಬದಲಾದಂತೆ ಎಂಜಿನ್ನೂ ಬದಲಾಗುತ್ತದೆ. ಗದ್ದೆಯಲ್ಲಿ ಡೀಸೆಲ್ ಪವರ್ ಟಿಲ್ಲರು, ಹಿಪ್ಪುನೇರಳೆ ಸಾಲುಗಳ ನಡುವೆ ಪೆಟ್ರೋಲಿನ ಮಿನಿ ಟಿಲ್ಲರು, ಅರಿಸಿನ ಮತ್ತು ಬಾಳೆಗೆ ಪವರ್ ಸ್ಪ್ರೇಯರು, ಕಾಫಿ ತೋಟದಲ್ಲಿ ಕಳೆ ಕತ್ತರಿಸುವ ಬ್ರಷ್ ಕಟರು. ಹೊಳೆದಂಡೆಯಲ್ಲಿ ಹೊತ್ತೊಯ್ಯುವ ಪಂಪುಸೆಟ್ಟು, ಆಲೆಮನೆಯಲ್ಲಿ ಗಾಣ ತಿರುಗಿಸುವ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನು, ಮಲೆ ಮಹದೇಶ್ವರ ಬೆಟ್ಟದ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ ತಾತ್ಕಾಲಿಕ ಅಂಗಡಿಗಳಿಗೆ ಬೆಳಕು ಕೊಡುವ ಜನರೇಟರು.

ಇವುಗಳಲ್ಲಿ ಹೆಚ್ಚಿನವು ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತವೆ. ಪೈಪು ಹಾಳಾಗುವುದು ಓಡುವಾಗ ಮಾತ್ರವಲ್ಲ. ಹೊಲದ ಮನೆಯ ಸೂರಿನಡಿ ಅರ್ಧ ಟ್ಯಾಂಕ್ ಪೆಟ್ರೋಲಿನೊಡನೆ ತಿಂಗಳುಗಟ್ಟಲೆ ನಿಂತಾಗ ಹಾಳಾಗುವುದೇ ಹೆಚ್ಚು.

ಬದಲಾದ ಪೆಟ್ರೋಲು

ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ಭಾರತದಲ್ಲಿ 2003ರಲ್ಲಿ ಶೇ. 5ರ ಪ್ರಮಾಣದಿಂದ ಶುರುವಾಯಿತು. ಮೊದಲ ಹಂತದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರಾಸರಿ ಮಿಶ್ರಣ ಶೇ. 10 ಮುಟ್ಟಿದ್ದು 2022ರ ಜೂನ್‌ನಲ್ಲಿ. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇ. 20 ಎಥನಾಲಿನ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲಾಯಿತು. ಈಗ ಕ್ಯಾನಿಗೆ ತುಂಬಿಸಿಕೊಂಡ ಒಂದು ಲೀಟರಿನಲ್ಲಿ ಸುಮಾರು 200 ಮಿಲಿ ಎಥನಾಲ್. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಈ ಸೀಮೆಯ ರೈತರಿಗೆ ಎಥನಾಲ್ ಅಪರಿಚಿತವಲ್ಲ, ಅದಕ್ಕೂ ಕಬ್ಬಿನ ಬೆಲೆಗೂ ಇರುವ ನಂಟನ್ನೂ ಅವರು ಬಲ್ಲರು. ತಮ್ಮ ಸ್ಪ್ರೇಯರಿನ ಪೈಪಿಗೂ ಅದಕ್ಕೂ ನಂಟಿದೆ ಎಂಬುದನ್ನು ಮಾತ್ರ ಯಾರೂ ಅವರಿಗೆ ಸರಿಯಾಗಿ ಹೇಳಿಲ್ಲ.

2023ರ ಏಪ್ರಿಲ್‌ನಿಂದ ತಯಾರಾಗುವ ಬೈಕು, ಕಾರುಗಳ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳು ಇ20 ತಡೆಯುವಂತಿರಬೇಕು ಎಂಬ ವ್ಯವಸ್ಥೆ ಬಂದಿದೆ. ಹತ್ತು ಹದಿನೈದು ವರ್ಷದ ಹಿಂದೆ ಕೊಂಡ ಪಂಪುಸೆಟ್ಟು, ಬ್ರಷ್ ಕಟರುಗಳ ಪೈಪು ಈ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಅಂಥ ಯಂತ್ರಕ್ಕೆ ‘ಕಂಪನಿಯಲ್ಲಿ ಇದ್ದಂಥದ್ದೇ ಕೊಡಿ’ ಎಂದು ಕೇಳಿದರೆ ಹಳೆಯ ದೌರ್ಬಲ್ಯವೇ ಮರಳಿ ಬರಬಹುದು.

ಎಥನಾಲ್ ಮಾಡುವ ಕೇಡು ಎರಡು ಬಗೆಯದು. ರಬ್ಬರಿನೊಳಗೆ ಸೇರಿ ಅದನ್ನು ಉಬ್ಬಿಸುತ್ತದೆ. ಪೈಪು ಮೆತ್ತಗಾಗಿ ನಿಪ್ಪಲ್ಲಿನಿಂದ ಜಾರುತ್ತದೆ. ಜೊತೆಗೆ, ಪೈಪು ಬಾಗುವಂತಿರಲೆಂದು ತಯಾರಕರು ಬೆರೆಸಿದ ಮೆದುಕಾರಕಗಳನ್ನು ಕರಗಿಸಿ ಹೊರತೆಗೆಯುತ್ತದೆ. ಟ್ಯಾಂಕು ಬರಿದಾಗಿ ಪೈಪು ಒಣಗಿದಾಗ ಅದು ಕುಗ್ಗಿ, ಕಡ್ಡಿಯಂತೆ ಗಟ್ಟಿಯಾಗಿ, ಬಾಗಿಸಿದಲ್ಲಿ ಬಿರಿಯುತ್ತದೆ. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುವ ಯಂತ್ರದಲ್ಲಿ ಈ ಎರಡೂ ಒಂದರ ಮೇಲೊಂದು ನಡೆಯುತ್ತವೆ.

ಯಾವ ವಸ್ತು ಯಾವುದಕ್ಕೆ

ಕೊಳ್ಳೇಗಾಲದಂಥ ಊರಿನಲ್ಲಿ ಅವಸರಕ್ಕೆ ಕೈಗೆ ಸಿಗುವ ಪೈಪುಗಳಲ್ಲಿ ಬಹಳಷ್ಟು ಇಂಧನಕ್ಕೆಂದು ಹುಟ್ಟಿದವಲ್ಲ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು ಪಿವಿಸಿಯದು. ಪೆಟ್ರೋಲು ಹರಿಯುವುದು ಕಣ್ಣಿಗೆ ಕಾಣುತ್ತದೆ ಎಂಬ ಆಸೆಗೆ ಇದನ್ನು ಹಾಕುತ್ತಾರೆ. ಕೆಲವೇ ವಾರಗಳಲ್ಲಿ ಹಳದಿಯಾಗಿ ಬಿರುಸಾಗುತ್ತದೆ. ಸೈಲೆನ್ಸರಿನ ಕಾವು ತಗುಲಿದರೆ ಮೆತ್ತಗಾಗಿ ಮಡಿಚಿಕೊಳ್ಳುತ್ತದೆ. ಹನಿ ನೀರಾವರಿಯ ಸಣ್ಣ ಮೈಕ್ರೋ ಟ್ಯೂಬು ಪಾಲಿಎಥಿಲೀನಿನದು, ನೀರಿಗಾಗಿ ಮಾಡಿದ್ದು. ಅದು ಪೆಟ್ರೋಲಿನಲ್ಲಿ ತಕ್ಷಣ ಕರಗದಿರುವುದೇ ಅಪಾಯ, ಏಕೆಂದರೆ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಗಟ್ಟಿ ಗೋಡೆಯಾದ್ದರಿಂದ ನಿಪ್ಪಲ್ಲನ್ನು ಹಿಡಿದುಕೊಳ್ಳುವುದಿಲ್ಲ, ಅದುರಾಟಕ್ಕೆ ನಿಧಾನವಾಗಿ ಹೊರಬರುತ್ತದೆ. ಅಡುಗೆ ಅನಿಲದ ಕಿತ್ತಳೆ ಬಣ್ಣದ ಹೋಸು ಅನಿಲಕ್ಕಾಗಿ ಇರುವುದು; ದ್ರವ ಪೆಟ್ರೋಲಿಗೆ ಅದನ್ನು ಬಳಸಲೇಬಾರದು. ಗಾಳಿ ಯಂತ್ರಗಳ ನೀಲಿ ಪಾಲಿಯುರೆಥೇನ್ ಟ್ಯೂಬು ಇವೆಲ್ಲಕ್ಕಿಂತ ವಾಸಿ, ಆದರೆ ಎಥನಾಲ್, ತೇವ, ಬಿಸಿಲು ಮೂರೂ ಕೂಡಿದರೆ ಅದಕ್ಕೂ ಆಯಸ್ಸಿಲ್ಲ.

ರಬ್ಬರುಗಳೆಲ್ಲ ಕಣ್ಣಿಗೆ ಒಂದೇ ಕಪ್ಪು, ಗುಣದಲ್ಲಿ ಅಜಗಜಾಂತರ. ಸಹಜ ರಬ್ಬರು ಪೆಟ್ರೋಲಿನಲ್ಲಿ ಉಬ್ಬಿ ಹರಿದುಹೋಗುತ್ತದೆ. ರೇಡಿಯೇಟರಿನ ನೀರಿಗೆ ಅತ್ಯುತ್ತಮವಾದ ಇಪಿಡಿಎಂ ರಬ್ಬರು ಪೆಟ್ರೋಲು, ಡೀಸೆಲ್, ಎಂಜಿನ್ ಎಣ್ಣೆ ಮೂರಕ್ಕೂ ಶತ್ರು. ಸಿಲಿಕೋನ್ ಪೈಪು ದುಬಾರಿ, ಕಾವನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಶ್ರೇಷ್ಠವೆಂದು ನಂಬಿ ಹಾಕುವವರಿದ್ದಾರೆ. ಪೆಟ್ರೋಲಿನಲ್ಲಿ ಅದು ಉಬ್ಬುವುದಷ್ಟೇ ಅಲ್ಲ, ಗೋಡೆಯ ಮೂಲಕವೇ ಆವಿಯನ್ನು ಹೊರಬಿಡುತ್ತದೆ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಇಂಧನಕ್ಕೆ ಯೋಗ್ಯವಲ್ಲ ಎಂಬುದಕ್ಕೆ ಸಿಲಿಕೋನಿಗಿಂತ ಬೇರೆ ಉದಾಹರಣೆ ಬೇಡ.

ಇಂಧನ ಪೈಪಿನ ನಿತ್ಯದ ರಬ್ಬರು ಎನ್‌ಬಿಆರ್, ಅಂದರೆ ನೈಟ್ರೈಲ್. ಅದರಲ್ಲಿ ಆಕ್ರಿಲೊನೈಟ್ರೈಲ್ ಅಂಶ ಹೆಚ್ಚಿದಷ್ಟೂ ಪೆಟ್ರೋಲನ್ನು ತಡೆಯುವ ಶಕ್ತಿ ಹೆಚ್ಚು, ಚಳಿಯಲ್ಲಿ ಬಿರುಸಾಗುವ ಗುಣವೂ ಹೆಚ್ಚು. ನಮ್ಮ ಸೀಮೆಯಲ್ಲಿ ಆ ಚಳಿಯ ಚಿಂತೆ ಇಲ್ಲವಾದ್ದರಿಂದ ಹೆಚ್ಚು ಅಂಶದ ನೈಟ್ರೈಲನ್ನೇ ಧಾರಾಳವಾಗಿ ಆರಿಸಬಹುದು. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಎಣ್ಣೆಗಳಿಗೆ ಒಳ್ಳೆಯ ನೈಟ್ರೈಲ್ ಸಾಕು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ದೀರ್ಘಕಾಲ ಬಾಳುತ್ತದೆ. ಅದಕ್ಕೆ ತಾಳಿಕೆ ಇಲ್ಲದ್ದು ಬಿಸಿಲು ಮತ್ತು ಓಜೋನ್; ಆದ್ದರಿಂದ ಒಳ್ಳೆಯ ಪೈಪಿನಲ್ಲಿ ಒಳಗೆ ನೈಟ್ರೈಲ್, ನಡುವೆ ನೂಲಿನ ಹೆಣಿಗೆ, ಹೊರಗೆ ಬಿಸಿಲು ತಡೆಯುವ ಬೇರೆ ರಬ್ಬರಿನ ಹೊದಿಕೆ ಇರುತ್ತದೆ.

ಇ20 ಪೆಟ್ರೋಲಿಗೆ ಖಾತ್ರಿಯಾದದ್ದು ಫ್ಲೋರೋ ರಬ್ಬರು, ಅಂದರೆ ಎಫ್‌ಕೆಎಂ. ವೈಟಾನ್ ಎಂಬುದು ಅದರ ಒಂದು ವ್ಯಾಪಾರನಾಮ. ಪೂರ್ತಿ ಪೈಪು ಅದರದೇ ಆಗಬೇಕಿಲ್ಲ, ಒಳಪದರ ಅದರದ್ದಾದರೆ ಸಾಕು. ನೈಟ್ರೈಲಿನ ಹಲವು ಪಟ್ಟು ಬೆಲೆಯಾದರೂ ಒಂದು ಪಂಪುಸೆಟ್ಟಿಗೆ ಬೇಕಾಗುವುದು ಗೇಣುದ್ದವಷ್ಟೆ. ಒಂದು ಪಿಸ್ಟನ್ನಿನ ಬೆಲೆಯೊಂದಿಗೆ ಹೋಲಿಸಿದರೆ ಆ ವ್ಯತ್ಯಾಸಕ್ಕೆ ಜಿಪುಣತನ ತೋರುವುದು ಸಲ್ಲದು.

ಪೈಪಿನ ಮೈಮೇಲಿನ ಬರಹ

ನಂಬಿಕಸ್ಥ ಪೈಪಿನ ಮೈಮೇಲೆ ತಯಾರಕರ ಹೆಸರು, ಒಳವ್ಯಾಸ, ದರ್ಜೆ, ತಯಾರಾದ ಕಾಲ ಅಚ್ಚಾಗಿರುತ್ತವೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ರೂಪಿಸಿದ ‘ಎಸ್‌ಎಇ ಜೆ30’ ಮಾನದಂಡದ ದರ್ಜೆಗಳು ನಮ್ಮ ಬಿಡಿಭಾಗದ ಅಂಗಡಿಗಳಿಗೂ ಬಂದಿವೆ. ಆರ್7 ದರ್ಜೆ ಕಾರ್ಬೊರೇಟರ್ ಕಾಲದ ಸಾಮಾನ್ಯ ಪೈಪು, ಸುಮಾರು 3.4 ಬಾರ್ ಒತ್ತಡಕ್ಕೆ. ಆರ್9 ಇಂಜೆಕ್ಷನ್ ಎಂಜಿನ್ನುಗಳದು, ಒಳಗೆ ಫ್ಲೋರೋ ಪದರ, ಸುಮಾರು 7 ಬಾರ್‌ಗೆ. ಟ್ಯಾಂಕಿನೊಳಗೆ ಮುಳುಗಿರಲೆಂದೇ ಮಾಡಿದ್ದು ಆರ್10.

ಟ್ಯಾಂಕು ಅರ್ಧ ಮೀಟರು ಮೇಲಿದ್ದರೂ ಪಂಪುಸೆಟ್ಟಿನ ಪೈಪಿನಲ್ಲಿ ಬೀಳುವ ಒತ್ತಡ 0.04 ಬಾರ್ ಮಾತ್ರ. ಹಾಗಿದ್ದ ಮೇಲೆ 7 ಬಾರಿನದು ಏಕೆ ಎಂಬ ಪ್ರಶ್ನೆ ನ್ಯಾಯವೇ. ಆರ್9 ಕೊಳ್ಳುವುದು ಒತ್ತಡಕ್ಕಲ್ಲ, ಒಳಪದರಕ್ಕೆ. ಪೈಪಿನ ಗೋಡೆಯ ಮೂಲಕ ಪೆಟ್ರೋಲು ಆವಿಯಾಗಿ ಸೋರುವ ಪ್ರಮಾಣಕ್ಕೆ ಆರ್7ರಲ್ಲಿ ದಿನಕ್ಕೆ ಚದರ ಮೀಟರಿಗೆ 550 ಗ್ರಾಂ ಮಿತಿ. ಆರ್9ರಲ್ಲಿ 15 ಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹುಲ್ಲು ಕತ್ತರಿಸುವಂಥ ಸಣ್ಣ ಎಂಜಿನ್ನುಗಳ ಪೈಪಿಗೆ ವಿಧಿಸಿರುವುದೂ ಇದೇ 15 ಗ್ರಾಮಿನ ಮಿತಿ. 5 ಮಿಮೀ ಒಳವ್ಯಾಸದ 30 ಸೆಂಮೀ ಪೈಪಿಗೆ ಲೆಕ್ಕ ಹಾಕಿದರೆ ಮೊದಲನೆಯ ಮಿತಿಯಲ್ಲಿ ದಿನಕ್ಕೆ ಎರಡೂವರೆ ಗ್ರಾಂ, ತಿಂಗಳಿಗೆ ಸುಮಾರು 100 ಮಿಲಿ ಪೆಟ್ರೋಲು ತೂತಿಲ್ಲದ ಪೈಪಿನಿಂದಲೇ ಮಾಯವಾಗಬಹುದು. ಎರಡನೆಯದರಲ್ಲಿ ಅದು ತಿಂಗಳಿಗೆ 3 ಮಿಲಿಯೂ ಆಗದು. ಯಂತ್ರವನ್ನು ಮನೆಯೊಳಗೆ, ಹುಳುಮನೆಯ ಪಕ್ಕದ ಕೋಣೆಯಲ್ಲಿ ಇಡುವವರಿಗೆ ಈ ಅಂತರ ದೊಡ್ಡದು. ಹೊಗೆ, ಔಷಧಿ, ಎಣ್ಣೆಯ ವಾಸನೆಯನ್ನು ರೇಷ್ಮೆ ಹುಳುವಿನಿಂದ ದೂರವಿಡಬೇಕೆಂಬುದು ಇಲ್ಲಿನ ಬೆಳೆಗಾರರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಅಳತೆಯಲ್ಲಿ ಅಂಗಡಿಯ ಇಂಚಿಗೂ ಯಂತ್ರದ ಮಿಲಿಮೀಟರಿಗೂ ಜಗಳ. ಕಾಲು ಇಂಚಿನ ಪೈಪಿನ ಒಳವ್ಯಾಸ 6.35 ಮಿಮೀ; 6 ಮಿಮೀ ನಿಪ್ಪಲ್ಲಿಗೆ ಅದು ಸಡಿಲ, ಕ್ಲಿಪ್ಪು ಬಿಗಿದರೂ ಸುಕ್ಕು ಬಿದ್ದಲ್ಲಿ ಒಸರುತ್ತದೆ. ಹೋಂಡಾದ ಜಿಎಕ್ಸ್160 ಎಂಜಿನ್ನಿಗೆ 4.5 ಮಿಮೀ ಪೈಪು ಬೇಕು. ಅದರ ಜಾಗದಲ್ಲಿ 3/16 ಇಂಚಿನದನ್ನು, ಅಂದರೆ 4.76 ಮಿಮೀನದನ್ನು ಹಾಕಿದರೆ ಮೊದಲ ದಿನ ಸರಿಯಾಗಿಯೇ ಕೂರುತ್ತದೆ, ರಬ್ಬರು ಉಬ್ಬಿದ ಮೇಲೆ ಜಾರುತ್ತದೆ. ಹಳೆಯ ಪೈಪಿನ ತುಂಡನ್ನು ಅಳತೆಗೆ ಒಯ್ಯುವ ರೂಢಿಯೂ ಮೋಸ ಮಾಡುತ್ತದೆ. ಅದು ಆಗಲೇ ಉಬ್ಬಿಯೋ ಕುಗ್ಗಿಯೋ ಇರುತ್ತದೆ. ಅಳೆಯಬೇಕಾದ್ದು ನಿಪ್ಪಲ್ಲನ್ನು.

ಎಳೆಯುವ ಪೈಪು

ಪಂಪುಸೆಟ್ಟಿನ ಟ್ಯಾಂಕು ಮೇಲಿರುತ್ತದೆ, ಪೆಟ್ರೋಲು ತಾನೇ ಇಳಿಯುತ್ತದೆ. ಪೈಪು ಬಿರಿದರೆ ತೊಟ್ಟಿಕ್ಕುತ್ತದೆ, ವಾಸನೆ ಬರುತ್ತದೆ, ಯಾರಾದರೂ ನೋಡುತ್ತಾರೆ. ಬ್ರಷ್ ಕಟರು, ಚೈನ್ ಸಾ, ಬೆನ್ನಿಗೆ ಹೊರುವ ಕೆಲವು ಸ್ಪ್ರೇಯರುಗಳ ಕಥೆ ಬೇರೆ. ಅವುಗಳ ಕಾರ್ಬೊರೇಟರು ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಅಲ್ಲಿ ಕೂದಲೆಳೆಯ ಬಿರುಕಿನಿಂದ ಹೊರಗೆ ಏನೂ ಸೋರದು, ಒಳಕ್ಕೆ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಕೂಗುತ್ತ ಓಡುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ, ಸಾಮಾನ್ಯವಾಗಿ 50 ಭಾಗಕ್ಕೆ 1 ಅಥವಾ 40 ಭಾಗಕ್ಕೆ 1ರಂತೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ; ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎಷ್ಟೋ ಎಂಜಿನ್ನುಗಳು ಎಣ್ಣೆಯ ತಪ್ಪೆಂದು ದೂರಿಸಿಕೊಂಡು ಮೂಲೆಗೆ ಬಿದ್ದಿರುವುದು ಈ ಪೈಪಿನಿಂದ.

ಈ ಯಂತ್ರಗಳ ಪೈಪು ತೀರ ಸಪೂರ, 2ರಿಂದ 3 ಮಿಮೀ ಒಳವ್ಯಾಸ. ಹೊರವ್ಯಾಸಕ್ಕೂ ಇಲ್ಲಿ ಅಷ್ಟೇ ಬೆಲೆ, ಏಕೆಂದರೆ ಟ್ಯಾಂಕಿನ ತೂತಿನಲ್ಲಿ ಪೈಪೇ ಬಿರಡೆಯಾಗಿ ನಿಂತು ಸೋರಿಕೆ ತಡೆಯಬೇಕು. ತುದಿಯನ್ನು ಓರೆಯಾಗಿ ಕತ್ತರಿಸಿ, ತೂತಿನಿಂದ ಎಳೆದು, ಆಮೇಲೆ ಓರೆ ಭಾಗವನ್ನು ನೇರ ಕತ್ತರಿಸುವುದು ಕೆಲಸ ಬಲ್ಲವರ ಕ್ರಮ. ಟ್ಯಾಂಕಿನೊಳಗಿನ ತುಂಡು ಒಳಗೂ ಹೊರಗೂ ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಒಳಪದರ ಮಾತ್ರ ಗಟ್ಟಿಯಿರುವ ಹೆಣಿಗೆಯ ಹೋಸು ಅಲ್ಲಿ ನಿಲ್ಲುವುದಿಲ್ಲ. ಅದು ಮೆತ್ತಗೂ ಇರಬೇಕು, ಯಂತ್ರವನ್ನು ಓರೆ ಹಿಡಿದಾಗ ತುದಿಯ ಫಿಲ್ಟರು ತನ್ನ ತೂಕಕ್ಕೆ ಪೆಟ್ರೋಲಿನ ಕಡೆಗೆ ಹೊರಳಬೇಕು. ಪ್ರೈಮರ್ ಬಲ್ಬಿನಿಂದ ಟ್ಯಾಂಕಿಗೆ ಮರಳುವ ಇನ್ನೊಂದು ಪೈಪೂ ಇರುತ್ತದೆ. ಒಂದನ್ನು ಬದಲಿಸಿ ಅದೇ ವಯಸ್ಸಿನ ಇನ್ನೊಂದನ್ನು ಉಳಿಸುವುದರಲ್ಲಿ ಅರ್ಥವಿಲ್ಲ.

ಬಿಳಿಗಿರಿರಂಗನಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಜೀವಿಧಾಮ. ಬೇಸಿಗೆಗೆ ಮುನ್ನ ಈ ಕಾಡುಗಳಲ್ಲಿ ಬೆಂಕಿ ರೇಖೆ ಸವರುತ್ತಾರೆ. ಬೆಟ್ಟದ ಸೋಲಿಗರು ತಮ್ಮ ಕಾಫಿಯ ನಡುವೆ ಕಳೆ ಕತ್ತರಿಸುತ್ತಾರೆ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ಹುಲ್ಲಿನ ಬುಡದಲ್ಲೇ ನಿಲ್ಲುತ್ತದೆ. ಒಣ ಹುಲ್ಲು, ಲಂಟಾನದ ನಡುವೆ ಕಾದ ಸೈಲೆನ್ಸರಿನ ಪಕ್ಕ ಸೋರುವ ಪೈಪಿನ ಯಂತ್ರವನ್ನು ಚಾಲೂ ಮಾಡುವುದು ಕಾಡಿಗೂ ಕೆಲಸಗಾರನಿಗೂ ಮಾಡುವ ಅಪರಾಧ. ಜಾತ್ರೆಯ ಜನಸಂದಣಿಯ ಜನರೇಟರಿಗೂ, ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ಒಲೆ ಉರಿಯುವ ಆಲೆಮನೆಗೂ ಇದೇ ಮಾತು.

ಡೀಸೆಲ್ ಮತ್ತು ಸೀಮೆಎಣ್ಣೆ

ಡೀಸೆಲ್ ಎಂಜಿನ್ನಿನಲ್ಲಿ ಮೂರು ಬಗೆಯ ಪೈಪಿದೆ. ಟ್ಯಾಂಕಿನಿಂದ ಫಿಲ್ಟರು, ಪಂಪಿನವರೆಗಿನದು ಕಡಿಮೆ ಒತ್ತಡದ್ದು. ನೈಟ್ರೈಲ್ ಹೋಸು ಸಾಕು. ಇಂಜೆಕ್ಟರಿನಿಂದ ಮರಳುವ ಸಪೂರ ಪೈಪು ನೂಲಿನ ಹೊದಿಕೆಯದು, ಬೇಗ ಒಣಗಿ ಬಿರಿಯುತ್ತದೆ, ಅಗ್ಗವೂ ಹೌದು. ಪಂಪಿನಿಂದ ಇಂಜೆಕ್ಟರಿಗೆ ಹೋಗುವುದು ಮಾತ್ರ ಗಟ್ಟಿ ಉಕ್ಕಿನದು. ಅದರಲ್ಲಿ ಸುಮಾರು 200 ಬಾರ್ ಒತ್ತಡ. ಅಲ್ಲಿ ರಬ್ಬರಿಗೂ ತಾಮ್ರಕ್ಕೂ ಜಾಗವಿಲ್ಲ, ಬೆಸುಗೆ ಹಾಕಿ ರಿಪೇರಿ ಮಾಡುವುದೂ ಸಲ್ಲದು. ಸೂಕ್ಷ್ಮ ತೂತಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು, ಆದ್ದರಿಂದ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು. ಬದಲಿಸುವಾಗ ಮೂಲ ಪೈಪಿನಷ್ಟೇ ಉದ್ದ, ಅಷ್ಟೇ ಒಳವ್ಯಾಸ ಇರಬೇಕು. ಇಲ್ಲವಾದರೆ ಡೀಸೆಲ್ ಚಿಮ್ಮುವ ಹೊತ್ತು ಏರುಪೇರಾಗುತ್ತದೆ.

ಕಡಿಮೆ ಒತ್ತಡದ ಕಡೆಗೆ ಹಳಬರು ತಾಮ್ರದ ಪೈಪು ಇಷ್ಟಪಡುತ್ತಿದ್ದರು. ಅದುರಾಟಕ್ಕೆ ತಾಮ್ರ ಬಿರುಸಾಗಿ ತುದಿಯ ಹತ್ತಿರ ಬಿರಿಯುತ್ತದೆ, ಡೀಸೆಲ್ ಬೇಗ ಅಂಟಾಗಲೂ ಅದು ಕಾರಣವಾಗುತ್ತದೆ. ನೀರಿನ ನಲ್ಲಿಯ ಸತುವು ಲೇಪಿತ ಜೋಡಣೆಗಳು ಡೀಸೆಲ್ಲಿಗೆ ಇನ್ನೂ ಕೆಟ್ಟವು. ಸತುವು ಕರಗಿ ಇಂಜೆಕ್ಟರಿನ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ.

ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಹಳೆಯ ಪಂಪುಸೆಟ್ಟುಗಳಲ್ಲಿ ಎರಡೂ ಇಂಧನ ಒಂದೇ ಪೈಪಿನಲ್ಲಿ ಕಾರ್ಬೊರೇಟರಿಗೆ ಬರುತ್ತವೆ. ಅಲ್ಲಿ ಪೆಟ್ರೋಲಿನ ಲೆಕ್ಕಕ್ಕೇ ಪೈಪು ಆರಿಸಬೇಕು.

ಎಣ್ಣೆಯ ಪೈಪು

ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಹೆಚ್ಚಿನವು ಎಣ್ಣೆಯನ್ನು ಒಳಗೇ ಎರಚಿಕೊಳ್ಳುತ್ತವೆ, ಹೊರಗೆ ಪೈಪೇ ಇಲ್ಲ. ಹಲವು ಒಂಟಿ ಸಿಲಿಂಡರ್ ಡೀಸೆಲ್‌ಗಳಲ್ಲಿ ಮತ್ತು ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ ಬೈಕಿನಲ್ಲಿ ರಾಕರಿಗೆ ಎಣ್ಣೆ ಒಯ್ಯುವ ಪೈಪು ಹೊರಗಿರುತ್ತದೆ. ತುದಿಗಳಲ್ಲಿ ಬ್ಯಾಂಜೋ ಬೋಲ್ಟು, ಅದರ ಎರಡೂ ಬದಿಗೆ ತಾಮ್ರದ ವಾಷರು. ಸೋರಿಕೆ ಇದ್ದರೆ ಪೈಪನ್ನು ಬಯ್ಯುವ ಮೊದಲು ವಾಷರು ನೋಡಬೇಕು. ಒಮ್ಮೆ ಬಿಗಿದ ವಾಷರು ಗಟ್ಟಿಯಾಗಿರುತ್ತದೆ. ಹೊಸದು ಹಾಕಬೇಕು, ಇಲ್ಲವೆ ಕೆಂಪಗೆ ಕಾಯಿಸಿ ಮೆದು ಮಾಡಿ ಹಾಕಬೇಕು.

ಎಣ್ಣೆಗೆ ಹೋಸು ಹಾಕುವುದಾದರೆ ಕಾವಿನ ಲೆಕ್ಕ ಮುಖ್ಯ. ಸಿಲಿಂಡರಿಗೆ ತಾಗಿದಂತೆ ಹೋಗುವಲ್ಲಿ ನೈಟ್ರೈಲ್ ಕ್ರಮೇಣ ಬಿರುಸಾಗುತ್ತದೆ, ಅಲ್ಲಿ ಅಕ್ರಿಲಿಕ್ ರಬ್ಬರಿನದು ಇಲ್ಲವೆ ಫ್ಲೋರೋ ಒಳಪದರದ್ದು ಸರಿ. ಎಂಜಿನ್ನಿನ ಉಸಿರುಗೊಳವೆಗೆ ಒತ್ತಡವಿಲ್ಲ. ಎಣ್ಣೆ ತಡೆಯುವ ಯಾವುದೇ ಹೋಸು ನಡೆಯುತ್ತದೆ, ಮಡಿಚಿ ಮುಚ್ಚಿಕೊಳ್ಳದಿದ್ದರೆ ಸಾಕು. ಅದು ಮುಚ್ಚಿದರೆ ಒಳಗಿನ ಒತ್ತಡ ಆಯಿಲ್ ಸೀಲುಗಳಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತದೆ.

ಜೋಡಣೆ, ಪರೀಕ್ಷೆ, ಸಂಗ್ರಹ

ಸಪೂರ ಪೈಪಿಗೆ ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಿಪ್ಪು ಬೇಡ, ಅದರ ಹಲ್ಲು ರಬ್ಬರನ್ನು ಕೊರೆಯುತ್ತದೆ. ತಂತಿಯ ಸ್ಪ್ರಿಂಗ್ ಕ್ಲಿಪ್ಪು ಪೈಪು ಉಬ್ಬಿದರೂ ಕುಗ್ಗಿದರೂ ಹಿಡಿತ ಬಿಡುವುದಿಲ್ಲ. ಬೈಂಡಿಂಗ್ ವೈರಿನಿಂದ ಸುತ್ತಿ ಬಿಗಿಯುವುದು ಎಲ್ಲಕ್ಕಿಂತ ಕೆಟ್ಟದು. ಅದುರಾಟಕ್ಕೆ ಆಡುವಷ್ಟು ಉದ್ದ ಇರಬೇಕು, ಸೈಲೆನ್ಸರಿನಿಂದ ದೂರ ಇರಬೇಕು.

ಗುರುತಿಲ್ಲದ ಪೈಪನ್ನೇ ಕೊಳ್ಳಬೇಕಾಗಿ ಬಂದರೆ ಬೆರಳುದ್ದದ ತುಂಡನ್ನು ಅಳೆದು, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಬಂಕಿನ ಪೆಟ್ರೋಲಿನೊಳಗೆ ಎರಡು ದಿನ, ಒಲೆ ಮತ್ತು ಮಕ್ಕಳಿಂದ ದೂರ, ಹೊರಗೆ ನೆರಳಲ್ಲಿ ಇಡಬೇಕು. ಪೆಟ್ರೋಲಿಗೆ ಬಣ್ಣ ಬಿಟ್ಟರೆ, ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದರೆ, ಒಣಗಿಸಿದ ಮೇಲೆ ಬಿರುಸಾದರೆ ಅದು ಇಂಧನದ ಪೈಪಲ್ಲ. ಪ್ರಯೋಗಾಲಯಗಳು ಎಎಸ್‌ಟಿಎಂ ಡಿ471 ವಿಧಾನದಲ್ಲಿ ನಿಖರವಾಗಿ ಅಳೆಯುವುದೂ ಇದನ್ನೇ.

ಕಾವೇರಿಯ ಹರಿವು ಹೆಚ್ಚಿದ ವರ್ಷಗಳಲ್ಲಿ ದಾಸನಪುರ, ಮುಳ್ಳೂರು, ಹಳೆ ಅಣಗಳ್ಳಿಯಂಥ ದಂಡೆಯ ಊರುಗಳ ಹೊಲಗಳಿಗೆ ನೀರು ನುಗ್ಗುತ್ತದೆ, ಪಂಪುಸೆಟ್ಟುಗಳೂ ಮುಳುಗುತ್ತವೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪು ಮೊದಲು ಕುಡಿಯುವುದು ಆ ತಳದ್ದನ್ನೇ. ಎರಡು ಸ್ಟ್ರೋಕಿನ ಯಂತ್ರದಲ್ಲಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ ಕೆಳಗಿನ ದ್ರವದಲ್ಲಿ ಪಿಸ್ಟನ್ನಿಗೆ ಎಣ್ಣೆಯೇ ಇರುವುದಿಲ್ಲ. ಆದ್ದರಿಂದ ನೆರೆಯಲ್ಲಿ ನೆನೆದ ಯಂತ್ರದ ಟ್ಯಾಂಕು, ಪೈಪು, ಕಾರ್ಬೊರೇಟರ್ ಮೂರನ್ನೂ ಬರಿದು ಮಾಡದೆ ಹಗ್ಗ ಎಳೆಯಬಾರದು. ನೆರೆ ಇಲ್ಲದ ಕಡೆಯೂ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಿಸುವ ಯಂತ್ರದಿಂದ ಪೆಟ್ರೋಲನ್ನು ತೆಗೆದು, ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿಡುವುದು ಒಳ್ಳೆಯದು. ಮುಂದಿನ ಹಂಗಾಮಿನಲ್ಲಿ ಪೆಟ್ರೋಲು ತುಂಬುವ ಮೊದಲು ಪೈಪನ್ನು ನಿಪ್ಪಲ್ಲಿನ ಬಳಿ ಬಾಗಿಸಿ ನೋಡಬೇಕು. ಬಿರುಕು ಮೊದಲು ಕಾಣಿಸುವುದು ಅಲ್ಲಿ.